ಸೈಕಲ್ಲಿಗೂ ಲಾರಿಗೂ ಒಂದೇ ಕೆಂಪು ದೀಪವೇ?

ಇಂದಿನ ಚಿಂತನೆ

ನಮ್ಮ ಅಧ್ಯಯನ ಬಳಗದಲ್ಲಿ ಈ ವಾರ ಒಂದು ಪ್ರಶ್ನೆ ಓಡಾಡುತ್ತಿದೆ. ಸೈಕಲ್ ಸವಾರನೊಬ್ಬ ಕೆಂಪು ದೀಪವಿದ್ದಾಗ, ಆಚೆ ಈಚೆ ಯಾವ ಗಾಡಿಯೂ ಇಲ್ಲವೆಂದು ನೋಡಿಕೊಂಡು ದಾಟಿದರೆ ಅದು ತಪ್ಪೇ? ತಪ್ಪಾದರೆ, ಅದೇ ದೀಪ ದಾಟಿದ ಲಾರಿಯಷ್ಟೇ ತಪ್ಪೇ? ಕೇಳಿದವನು ವಾಡಿ ಕಡೆಯ ಒಬ್ಬ ಐಟಿಐ ಹುಡುಗ. ರೈಲ್ವೆಯಿಂದ ನಿವೃತ್ತರಾದ ನಮ್ಮ ಹಿರಿಯರೊಬ್ಬರು "ದೀಪ ಅಂದ್ರ ದೀಪ. ಎಲ್ಲಾರೂ ನಿಲ್ಲಬೇಕು" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಅಂಗನವಾಡಿಯಲ್ಲಿ ಕೆಲಸ ಮಾಡುವ ಅಕ್ಕನವರು ಒಪ್ಪಲಿಲ್ಲ. "ಲಾರಿಯವರು ನಮ್ಮ ಹುಡುಗರನ್ನ ರಸ್ತಾದಿಂದ ಕೆಳಗ ಇಳಿಸ್ತಾರ. ಅವರಿಗಿಲ್ಲದ ಕಾಯ್ದೆ ಸೈಕಲ್ಲಿಗೆ ಯಾಕ್ರಿ?" ಎಂದು ಕೇಳಿದರು.

ಇಬ್ಬರ ಮಾತಿನಲ್ಲೂ ಸತ್ಯವಿದೆ. ಪ್ರಶ್ನೆ ಸಣ್ಣದಾಗಿ ಕಂಡರೂ ಇದರೊಳಗೆ 'ಎಲ್ಲರಿಗೂ ಒಂದೇ ಕಾನೂನು' ಎಂದರೆ ಏನು ಎಂಬ ದೊಡ್ಡ ಪ್ರಶ್ನೆ ಕುಳಿತಿದೆ. ಆ ಮಾತು ನಮಗೆ ಸುಮ್ಮನೆ ದಕ್ಕಿದ್ದಲ್ಲ. ಹಾಗಾಗಿ ಇಂದಿನ ಬರಹ ಸ್ವಲ್ಪ ಉದ್ದವಾಗಿದೆ. ಬಿಡುವಾದಾಗ ಓದಿರಿ.

ನಮ್ಮ ಸೀಮೆಯಲ್ಲಿ ಸೈಕಲ್ ಎಂದರೆ ಏನು ಎಂಬುದನ್ನು ಮೊದಲು ನೆನೆಯೋಣ. ಶಹಾಬಾದ್ ಮತ್ತು ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಯ ಪಾಳಿಗೆ, ಫರಸಿ ಕಲ್ಲಿನ ಗಣಿಗೆ ನಮ್ಮ ತಂದೆಯವರ ಕಾಲದವರು ಹೋದದ್ದು ಸೈಕಲ್ಲಿನ ಮೇಲೆ. ಹಿಂದಿನ ಕ್ಯಾರಿಯರಿಗೆ ಬುತ್ತಿ ಗಂಟು, ಹ್ಯಾಂಡಲಿಗೆ ನೀರಿನ ಡಬ್ಬಿ. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದಾಗ, ಊರಲ್ಲಿ ಹೈಸ್ಕೂಲ್ ಇಲ್ಲದ ಎಷ್ಟೋ ಹೆಣ್ಣುಮಕ್ಕಳು ಓದು ಬಿಡದೆ ಉಳಿದರು. ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತ ಆ ಸೈಕಲ್ಲುಗಳನ್ನು ನೋಡುವುದೇ ಒಂದು ಸಂತೋಷವಾಗಿತ್ತು. ಕೋವಿಡ್ ಬಂದ ಮೇಲೆ ಆ ಯೋಜನೆ ನಿಂತಿತು. ಈಗ ಅನುಕೂಲ ಇದ್ದವರು ಬೈಕಿಗೆ ಹೋಗಿದ್ದಾರೆ. ಸೈಕಲ್ ಉಳಿದಿರುವುದು ಮಕ್ಕಳ ಬಳಿ, ವಯಸ್ಸಾದವರ ಬಳಿ, ದಿನಗೂಲಿಯವರ ಬಳಿ. ಅಂದರೆ ಸೈಕಲ್ಲಿನ ನ್ಯಾಯ ಕೇಳುವುದೆಂದರೆ ಬಹುಮಟ್ಟಿಗೆ ಬಡವರ ನ್ಯಾಯ ಕೇಳಿದಂತೆ.

ಇನ್ನು ಕೆಂಪು ದೀಪ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಎಲ್ಲವೂ ರೈಲು ಹಾದುಹೋಗುವ ಊರುಗಳು. ನಮ್ಮಲ್ಲಿ ಹೆಚ್ಚಿನವರಿಗೆ ಕೆಂಪು ದೀಪ ಎಂದರೆ ಮೊದಲು ನೆನಪಾಗುವುದು ರೈಲ್ವೆ ಸಿಗ್ನಲ್ಲು, ರೈಲ್ವೆ ಗೇಟು. ರಸ್ತೆಯ ದೀಪವೂ ಹುಟ್ಟಿದ್ದು ರೈಲಿನಿಂದಲೇ. 1868ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಬಳಿ ಮೊದಲ ಸಂಚಾರ ದೀಪವನ್ನು ರೂಪಿಸಿದವನು ಒಬ್ಬ ರೈಲ್ವೆ ಎಂಜಿನಿಯರ್. ಅದು ಗ್ಯಾಸಿನಿಂದ ಉರಿಯುತ್ತಿತ್ತು. ಕೆಲವೇ ವಾರಗಳಲ್ಲಿ ಸ್ಫೋಟಗೊಂಡು ಅದನ್ನು ನಡೆಸುತ್ತಿದ್ದ ಪೊಲೀಸನೇ ಗಾಯಗೊಂಡ.

ರೈಲ್ವೆ ಗೇಟಿನ ಕೆಂಪಿಗೂ ನಾಲ್ಕು ರಸ್ತೆಯ ಕೆಂಪಿಗೂ ಒಂದು ವ್ಯತ್ಯಾಸವಿದೆ. ಗೇಟಿನಲ್ಲಿ ಬರುವುದು ರೈಲು. ಚಾಲಕ ಬ್ರೇಕ್ ಹಾಕಿದರೂ ಅದು ಬಹಳ ದೂರ ಹೋಗಿಯೇ ನಿಲ್ಲುತ್ತದೆ. ಎದುರಿಗಿರುವುದು ಸೈಕಲ್ಲೋ ಜೀಪೋ ಎಂದು ಅದು ನೋಡುವುದಿಲ್ಲ. ಗೇಟಿನ ಕೆಳಗೆ ಸೈಕಲ್ ಬಗ್ಗಿಸಿ ದಾಟಿಸುವವರೊಂದಿಗೆ ಸಮತೆಯ ಚರ್ಚೆ ಮಾಡುವ ಅಗತ್ಯವಿಲ್ಲ, ಜೀವ ಉಳಿಸಿಕೊಳ್ಳಿ ಎಂದರೆ ಸಾಕು. ನಮ್ಮ ಹಿರಿಯರ ಉತ್ತರ ಬಂದದ್ದು ಆ ಅನುಭವದಿಂದ. ನಾಲ್ಕು ರಸ್ತೆಯ ದೀಪ ಹಾಗಲ್ಲ. ಅದು ಮನುಷ್ಯರು ಮನುಷ್ಯರೊಂದಿಗೆ ಮಾಡಿಕೊಂಡ ಒಡಂಬಡಿಕೆ. 'ಈಗ ನೀನು ಹೋಗು, ಆಮೇಲೆ ನಾನು' ಎಂಬ ಮಾತು. ಒಡಂಬಡಿಕೆ ನ್ಯಾಯವಾಗಿದೆಯೇ ಎಂದು ಕೇಳುವ ಹಕ್ಕು ಅದರಲ್ಲಿ ಸೇರಿದ ಪ್ರತಿಯೊಬ್ಬರಿಗೂ ಇದೆ.

ಮೊದಲು ಹಿರಿಯರ ಪಕ್ಷವನ್ನೇ ನೋಡೋಣ. 'ಎಲ್ಲರಿಗೂ ಒಂದೇ' ಎಂಬ ಮಾತು ನಮಗೆ ಯಾಕೆ ಇಷ್ಟು ದೊಡ್ಡದು? ಇದರ ಉಲ್ಟಾ ಏನಿತ್ತು ಎಂಬುದು ನಮಗೆ ಗೊತ್ತಿರುವುದರಿಂದ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಬೈಗುಳದ ಅಪರಾಧಕ್ಕೆ ದಂಡದ ಪಟ್ಟಿ ಇದೆ. ಬ್ರಾಹ್ಮಣನನ್ನು ಬೈದ ಕ್ಷತ್ರಿಯನಿಗೆ ನೂರು ಪಣ, ವೈಶ್ಯನಿಗೆ ಅದಕ್ಕಿಂತ ಹೆಚ್ಚು, ಶೂದ್ರನಿಗೆ ದೇಹದಂಡನೆ. ಬ್ರಾಹ್ಮಣನೇ ಶೂದ್ರನನ್ನು ಬೈದರೆ ಹನ್ನೆರಡು ಪಣ. ಬೈಗುಳ ಒಂದೇ, ಬಾಯಿ ಯಾರದು ಎಂಬುದರ ಮೇಲೆ ಬೆಲೆ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಆ ಗ್ರಂಥ ಸುಟ್ಟದ್ದು ಈ ಲೆಕ್ಕವನ್ನು ಒಪ್ಪುವುದಿಲ್ಲ ಎಂದು ಸಾರಲು.

ಅದಕ್ಕೂ ಬಹಳ ಹಿಂದೆ ಸಾಮ್ರಾಟ ಅಶೋಕ ಬೇರೆ ದಾರಿ ಹಿಡಿದಿದ್ದ. ಈಗ ದೆಹಲಿಯಲ್ಲಿರುವ, ಮೂಲತಃ ತೋಪ್ರಾದ ಸ್ತಂಭದ ಮೇಲಿನ ನಾಲ್ಕನೆಯ ಶಾಸನದಲ್ಲಿ ಎರಡು ಪದಗಳಿವೆ: 'ವಿಯೋಹಾಲ ಸಮತಾ' ಮತ್ತು 'ದಂಡ ಸಮತಾ'. ವಿಚಾರಣೆಯಲ್ಲಿ ಸಮತೆ, ಶಿಕ್ಷೆಯಲ್ಲಿ ಸಮತೆ. ಅಶೋಕನನ್ನು ಕಾಣಲು ನಾವು ದೆಹಲಿಗೆ ಹೋಗಬೇಕಾಗಿಲ್ಲ. ನಮ್ಮ ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದ ಕಾಳಿಯ ಗುಡಿಯಲ್ಲಿ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅವನ ಶಾಸನಗಳು 1980ರ ದಶಕದಲ್ಲಿ ಬೆಳಕಿಗೆ ಬಂದವು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ 'ರಾಯೋ ಅಸೋಕೋ' ಎಂದು ಹೆಸರು ಕೆತ್ತಿದ ಅವನ ಶಿಲ್ಪವಿದೆ. ಸನ್ನತಿಯ ಕಲ್ಲಿನಲ್ಲಿ ಉಳಿದಿರುವುದರಲ್ಲಿ ಕಳಿಂಗದ ಅಧಿಕಾರಿಗಳಿಗೆ ಬರೆಸಿದ ಪ್ರತ್ಯೇಕ ಶಾಸನಗಳೂ ಸೇರಿವೆ. ಕಾರಣವಿಲ್ಲದೆ ಯಾರನ್ನೂ ಬಂಧಿಸಬೇಡಿ, ಹಿಂಸಿಸಬೇಡಿ, ನಡುವಿನ ದಾರಿ ಹಿಡಿಯಿರಿ ಎಂಬುದು ಆ ಆಜ್ಞೆಯ ಸಾರ. ನ್ಯಾಯ ಕೆಡುವುದು ಹೇಗೆ ಎಂಬ ಪಟ್ಟಿಯನ್ನೂ ಅವನು ಕೊಟ್ಟಿದ್ದಾನೆ: ಅಸೂಯೆ, ಸಿಟ್ಟು, ಕ್ರೌರ್ಯ, ಅವಸರ, ಅಭ್ಯಾಸವಿಲ್ಲದಿರುವುದು, ಸೋಮಾರಿತನ, ದಣಿವು. ಈ ಪಟ್ಟಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಂವಿಧಾನದ 14ನೇ ವಿಧಿ ಈ ಪರಂಪರೆಯದ್ದು. 15ನೇ ವಿಧಿಯ ಎರಡನೆಯ ಭಾಗವಂತೂ ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆ ರಸ್ತೆಯನ್ನೂ ಹೆಸರಿಸಿ, ಜಾತಿಯ ಕಾರಣಕ್ಕೆ ಯಾರನ್ನೂ ಅಲ್ಲಿಂದ ತಡೆಯುವಂತಿಲ್ಲ ಎನ್ನುತ್ತದೆ. ಒಂದು ಕಾಲದಲ್ಲಿ ಊರ ಬೀದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವರ ಮೊಮ್ಮಕ್ಕಳು ನಾವು. ನಾಲ್ಕು ರಸ್ತೆಯಲ್ಲಿ ದೀಪ ಕೆಂಪಾದಾಗ ಶಾಸಕರ ಕಾರು, ಗೌಡರ ಬುಲೆಟ್ಟು, ಕೂಲಿಯವನ ಸೈಕಲ್ಲು ಒಂದೇ ಗೆರೆಯ ಹಿಂದೆ ನಿಲ್ಲಬೇಕು. ನಮ್ಮಂಥವರಿಗೆ ಈ ಗೆರೆ ಸಣ್ಣ ಸಂಗತಿಯಲ್ಲ. ಹಿರಿಯರ ಮಾತಿನ ತೂಕ ಇದು.

ಈಗ ಅಕ್ಕನವರ ಪಕ್ಷ. ಒಂದೇ ಗೆರೆಯ ಹಿಂದೆ ನಿಂತ ಮಾತ್ರಕ್ಕೆ ಎಲ್ಲರೂ ಸಮಾನರಾದರೇ?

ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಚಲನಶಕ್ತಿಯ ಸೂತ್ರ ಕಲಿಸುತ್ತಾರಲ್ಲ, ಅದನ್ನು ರಸ್ತೆಗೆ ಹಾಕಿ ನೋಡೋಣ. 2018ರಿಂದ ಹತ್ತು ಚಕ್ರದ ಲಾರಿಗೆ ಸರಕು ಸೇರಿ 28.5 ಟನ್ ತೂಕದ ಅನುಮತಿ ಇದೆ. ಸೈಕಲ್ಲು ಮತ್ತು ಸವಾರ ಸೇರಿ 80 ಕಿಲೊ ಎಂದುಕೊಳ್ಳಿ. ತೂಕದಲ್ಲಿಯೇ 350 ಪಟ್ಟು ವ್ಯತ್ಯಾಸ. ಲಾರಿ ಗಂಟೆಗೆ 40 ಕಿಲೊಮೀಟರ್, ಸೈಕಲ್ 15 ಕಿಲೊಮೀಟರ್ ವೇಗದಲ್ಲಿದ್ದರೆ, ವೇಗದ ವರ್ಗ ಲೆಕ್ಕಕ್ಕೆ ಬಂದು, ಲಾರಿಯ ಹೊಡೆತದ ಶಕ್ತಿ ಸೈಕಲ್ಲಿನದಕ್ಕಿಂತ ಸುಮಾರು ಎರಡೂವರೆ ಸಾವಿರ ಪಟ್ಟು ಹೆಚ್ಚು. ಸೈಕಲ್ ಸವಾರ ಕೆಂಪು ದೀಪ ದಾಟಿದರೆ ಅಪಾಯ ಹೆಚ್ಚಾಗಿ ಅವನಿಗೇ. ಲಾರಿ ದಾಟಿದರೆ ಅಪಾಯ ಇತರರಿಗೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಪಾದಚಾರಿಗಳು 32 ಸಾವಿರಕ್ಕೂ ಹೆಚ್ಚು, ಸೈಕಲ್ ಸವಾರರು ನಾಲ್ಕು ಸಾವಿರಕ್ಕೂ ಹೆಚ್ಚು. ಇವರಾರೂ ಯಾರ ಮೇಲೂ ಲಾರಿ ಹತ್ತಿಸಿದವರಲ್ಲ.

14ನೇ ವಿಧಿಯಲ್ಲಿ ಎರಡು ಮಾತುಗಳಿವೆ ಎಂಬುದನ್ನು ನಾವು ಮರೆಯುತ್ತೇವೆ. ಒಂದು, ಕಾನೂನಿನ ಮುಂದೆ ಸಮಾನತೆ. ಇನ್ನೊಂದು, ಕಾನೂನುಗಳ ಸಮಾನ ರಕ್ಷಣೆ. ಕೆಂಪು ದೀಪದ ಮುಂದೆ ಸೈಕಲ್ಲಿನವನಿಗೆ ಮೊದಲನೆಯದು ಪೂರ್ತಿ ಸಿಗುತ್ತದೆ. ಎರಡನೆಯದು? ರಸ್ತೆ ಅಗಲ ಮಾಡಿದಾಗ ಅವನ ಅಂಚು ಹೋಗುತ್ತದೆ. ಸಿಮೆಂಟ್ ತುಂಬಿದ ಬಲ್ಕರ್ ಲಾರಿ ಹಿಂದಿನಿಂದ ಹಾರ್ನ್ ಹೊಡೆದರೆ ಅವನು ಮಣ್ಣಿಗೆ ಇಳಿಯುತ್ತಾನೆ. ಹೊಸ ದೊಡ್ಡ ರಸ್ತೆ ಬಂದಾಗ ಊರಿನ ಮುಂದೆ ದಾಟಲು ಜಾಗ ಬಿಡಿ ಎಂದು ಊರವರೇ ಧರಣಿ ಕೂಡಬೇಕಾಗುತ್ತದೆ. ಕರ್ತವ್ಯದಲ್ಲಿ ಸರಿಸಮ, ರಕ್ಷಣೆಯಲ್ಲಿ ಕೊನೆಯ ಸಾಲು. ಅಕ್ಕನವರ ಸಿಟ್ಟು ಇದೇ.

ದಂಡದ ವಿಷಯವೂ ಹಾಗೆಯೇ. ಕೇಂದ್ರದ 2019ರ ತಿದ್ದುಪಡಿ ದಂಡಗಳನ್ನು ಏರಿಸಿತು, ನಮ್ಮ ರಾಜ್ಯ ಕೆಲವನ್ನು ಇಳಿಸಿತು. ಹೆಲ್ಮೆಟ್ ಇಲ್ಲದ್ದಕ್ಕೆ ನಮ್ಮಲ್ಲಿ 500 ರೂಪಾಯಿ. 2024-25ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿಯ ದಿನಗೂಲಿ 349 ರೂಪಾಯಿ. ಕೂಲಿಯವನಿಗೆ ಅದು ಒಂದೂವರೆ ದಿನದ ಅನ್ನ, ಕಾರಿನವನಿಗೆ ಒಂದು ಊಟದ ಬಿಲ್ಲು. ಫಿನ್ಲೆಂಡ್ ದೇಶದಲ್ಲಿ 1921ರಿಂದಲೇ ದಂಡವನ್ನು ಆದಾಯದ ಮೇಲೆ ಲೆಕ್ಕ ಹಾಕುವ ಪದ್ಧತಿ ಇದೆ. ಅತಿವೇಗಕ್ಕೆ ಸಿಕ್ಕ ಶ್ರೀಮಂತ ಅಲ್ಲಿ ಲಕ್ಷಗಟ್ಟಲೆ ಕಟ್ಟುತ್ತಾನೆ. ದಂಡ ಸಮತೆ ಎಂದರೆ ಒಂದೇ ಸಂಖ್ಯೆಯೋ, ಒಂದೇ ನೋವೋ ಎಂದು ಅವರು ಕೇಳಿಕೊಂಡರು.

ಇಲ್ಲಿ ನಮ್ಮವರಲ್ಲಿ ಒಂದು ಅನುಮಾನ ಏಳಬೇಕು. ಏಳದಿದ್ದರೆ ನಾವು ಬಾಬಾಸಾಹೇಬರನ್ನು ಸರಿಯಾಗಿ ಓದಿಲ್ಲ ಎಂದರ್ಥ. ಲಾರಿಗೆ ಹೆಚ್ಚು ದಂಡ, ಸೈಕಲ್ಲಿಗೆ ಕಡಿಮೆ ದಂಡ, ಶ್ರೀಮಂತನಿಗೆ ಒಂದು, ಬಡವನಿಗೆ ಒಂದು ಎಂದರೆ ಅದು ಮತ್ತೆ ಮನುವಿನ ಪಟ್ಟಿಯೇ ಅಲ್ಲವೇ? ಮೇಲಿನದನ್ನು ಕೆಳಗೆ ಮಾಡಿ ಬರೆದ ಮಾತ್ರಕ್ಕೆ ಅನ್ಯಾಯ ನ್ಯಾಯವಾಗುತ್ತದೆಯೇ?

ನನ್ನ ಉತ್ತರ ಹೀಗಿದೆ. ಮನು ಅಳೆದದ್ದು ಹುಟ್ಟನ್ನು. ನಾವು ಅಳೆಯಬೇಕೆನ್ನುವುದು ಕೃತ್ಯವನ್ನು, ಅದರಿಂದಾಗುವ ಹಾನಿಯನ್ನು, ಕೈಯಲ್ಲಿರುವ ಶಕ್ತಿಯನ್ನು. ಯಾರೂ ಸೈಕಲ್ ಸವಾರನಾಗಿ ಹುಟ್ಟುವುದಿಲ್ಲ. ಇವತ್ತು ಸೈಕಲ್ ಹೊಡೆಯುವ ಹುಡುಗ ನಾಳೆ ಲೈಸೆನ್ಸ್ ಪಡೆದು ಲಾರಿಯ ಸ್ಟೇರಿಂಗ್ ಹಿಡಿದರೆ ಆ ಕ್ಷಣದಿಂದ ಲಾರಿಯ ನಿಯಮ ಅವನಿಗೆ ಅನ್ವಯ. ಲಾರಿ ಮಾಲೀಕ ಸೈಕಲ್ ಹತ್ತಿದರೆ ಅವನಿಗೂ ಸೈಕಲ್ಲಿನ ನಿಯಮ. 1920ರ ಜನವರಿಯಲ್ಲಿ 'ಮೂಕನಾಯಕ'ದ ಮೊದಲ ಸಂಚಿಕೆಯಲ್ಲಿ ಬಾಬಾಸಾಹೇಬರು ಹಿಂದೂ ಸಮಾಜವನ್ನು ಮೆಟ್ಟಿಲುಗಳಿಲ್ಲದ ಅಂತಸ್ತುಗಳ ಗೋಪುರಕ್ಕೆ ಹೋಲಿಸಿದರು. ಹುಟ್ಟಿದ ಅಂತಸ್ತಿನಲ್ಲೇ ಸಾಯಬೇಕು. ರಸ್ತೆಯ ವರ್ಗೀಕರಣದಲ್ಲಿ ಮೆಟ್ಟಿಲುಂಟು, ಹತ್ತಲೂಬಹುದು, ಇಳಿಯಲೂಬಹುದು. ನಮ್ಮ ನ್ಯಾಯಾಲಯಗಳೂ 14ನೇ ವಿಧಿಯನ್ನು ಓದುವಾಗ ಇದನ್ನೇ ಹೇಳಿವೆ: ಬೇರೆ ಬೇರೆ ನಿಯಮ ಮಾಡಬಹುದು, ಆದರೆ ವಿಂಗಡಣೆಗೆ ಅರ್ಥವಾಗುವ ಆಧಾರವಿರಬೇಕು, ಆ ಆಧಾರಕ್ಕೂ ಕಾನೂನಿನ ಉದ್ದೇಶಕ್ಕೂ ಸಂಬಂಧವಿರಬೇಕು. ರಸ್ತೆ ಕಾನೂನಿನ ಉದ್ದೇಶ ಜೀವ ಉಳಿಸುವುದು. ತೂಕಕ್ಕೂ ವೇಗಕ್ಕೂ ಆ ಉದ್ದೇಶದೊಂದಿಗೆ ಸಂಬಂಧವಿದೆ. ಹುಟ್ಟಿಗೆ ಯಾವ ಸಂಬಂಧವೂ ಇಲ್ಲ.

ಹಾಗಾದರೆ ಸೈಕಲ್ಲಿಗೆ ಬೇರೆ ನಿಯಮ ಇರಬಹುದು ಎಂದಾಯಿತು. ಹೊರಗಿನ ದೇಶಗಳಲ್ಲಿ ಇದೆ ಕೂಡ. ಅಮೆರಿಕದ ಐಡಾಹೊ ರಾಜ್ಯ 1982ರಲ್ಲೇ ಸೈಕಲ್ ಸವಾರರಿಗೆ ಪ್ರತ್ಯೇಕ ನಿಯಮ ತಂದಿತು. ಈಗಿನ ಪ್ರಕಾರ ಕೆಂಪು ದೀಪದಲ್ಲಿ ಪೂರ್ತಿ ನಿಂತು, ನೋಡಿ, ದಾರಿ ಬಿಡಬೇಕಾದವರಿಗೆ ಬಿಟ್ಟು ಮುಂದೆ ಹೋಗಬಹುದು. ಪ್ಯಾರಿಸ್ಸಿನಲ್ಲಿ ಸಣ್ಣ ಫಲಕ ಇರುವ ಕಡೆ ಸೈಕಲ್ಲಿನವರು ಪಾದಚಾರಿಗಳಿಗೆ ದಾರಿ ಬಿಟ್ಟು ಕೆಂಪಿನಲ್ಲೂ ಮುಂದುವರಿಯಬಹುದು. ಸೈಕಲ್ಲಿನವನಿಗೆ ಸುತ್ತಲಿನದು ಚೆನ್ನಾಗಿ ಕಾಣುತ್ತದೆ, ಕೇಳುತ್ತದೆ. ಲಾರಿಯ ಮಗ್ಗುಲಲ್ಲಿ, ಚಾಲಕನ ಕಣ್ಣಿಗೆ ಬೀಳದ ಜಾಗದಲ್ಲಿ ನಿಲ್ಲುವುದಕ್ಕಿಂತ ಮುಂದೆ ಹೋಗುವುದು ಕ್ಷೇಮ ಎಂಬುದು ಅದರ ಹಿಂದಿನ ತರ್ಕ.

ಇದನ್ನು ಕೇಳಿ 'ಹಾಗಾದರೆ ನಾನೂ ದಾಟಿಬಿಡುತ್ತೇನೆ' ಎನ್ನುವವರಿಗೆ ವಿನಯ ಪಿಟಕದ ಒಂದು ಪ್ರಸಂಗ ಹೇಳಬೇಕು. ಅವಂತಿ ದೇಶದಲ್ಲಿ ಸೋಣ ಕುಟಿಕಣ್ಣ ಎಂಬ ಉಪಾಸಕನಿದ್ದ, ಮಹಾಕಚ್ಚಾನ ಥೇರರ ಶಿಷ್ಯ. ಉಪಸಂಪದೆಗೆ ಹತ್ತು ಭಿಕ್ಖುಗಳು ಬೇಕೆಂಬ ನಿಯಮ. ಅವಂತಿಯಲ್ಲಿ ಭಿಕ್ಖುಗಳು ವಿರಳ, ಹತ್ತು ಜನರನ್ನು ಕೂಡಿಸಲು ಮೂರು ವರ್ಷ ಹಿಡಿಯಿತು. ಅಲ್ಲಿನ ನೆಲ ಬೇರೆ: ಕಪ್ಪು ಮಣ್ಣು, ದನದ ಗೊರಸು ತುಳಿದು ಒರಟಾದ ನೆಲ. ನಮ್ಮ ಸೇಡಂ, ಚಿಂಚೋಳಿಯ ಎರೆಹೊಲದಲ್ಲಿ ಬೇಸಿಗೆಯಲ್ಲಿ ಬರಿಗಾಲಲ್ಲಿ ನಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದೇ ಪದರದ ಪಾದರಕ್ಷೆಯ ನಿಯಮ ಗಂಗಾ ಬಯಲಿಗೆ ಸರಿ, ಅವಂತಿಗೆ ಕಷ್ಟ. ಮಹಾಕಚ್ಚಾನರು ಏನು ಮಾಡಿದರು? ಗುಟ್ಟಾಗಿ ದಪ್ಪ ಚಪ್ಪಲಿ ಹಾಕಿಕೊಳ್ಳಲಿಲ್ಲ, ಹಾಕಿಕೋ ಎಂದು ಶಿಷ್ಯನಿಗೂ ಹೇಳಲಿಲ್ಲ. ಸೋಣನನ್ನು ಸಾವತ್ಥಿಗೆ ಕಳಿಸಿ, ಬುದ್ಧ ಭಗವಾನರ ಮುಂದೆ ಐದು ಬೇಡಿಕೆ ಇಡಿಸಿದರು. ಬುದ್ಧರು ಒಪ್ಪಿದರು. ಸೋಣನೊಬ್ಬನಿಗೆ ವಿನಾಯಿತಿ ಕೊಡಲಿಲ್ಲ, ಎಲ್ಲ ಗಡಿನಾಡುಗಳಿಗೂ ನಿಯಮವನ್ನೇ ಬದಲಿಸಿದರು. ಗಡಿನಾಡು ಎಂದರೆ ಎಲ್ಲಿಂದ ಎಲ್ಲಿಗೆ ಎಂದೂ ಹೇಳಿದರು.

ಈ ಪ್ರಸಂಗದಲ್ಲಿ ನನಗೆ ಕಾಣುವುದು ಇಷ್ಟು. ನಿಯಮ ನೆಲಕ್ಕೆ ತಕ್ಕಂತೆ ಬದಲಾಗಬಹುದು, ಬದಲಾಗಬೇಕು. ಆದರೆ ಅದನ್ನು ಬದಲಿಸುವುದು ಬಹಿರಂಗವಾಗಿ ಕೇಳುವುದರಿಂದ, ಎಲ್ಲರಿಗಾಗಿ ಕೇಳುವುದರಿಂದ. ಮಹಾಡದಲ್ಲೂ ನಡೆದದ್ದು ಇದೇ. ಸಾರ್ವಜನಿಕ ಕೆರೆ ಬಾವಿಗಳನ್ನು ತೆರೆಯಬೇಕೆಂಬ ಬೋಲೆ ಅವರ ಠರಾವು 1923ರಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಅಂಗೀಕಾರವಾಗಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಹಗಲಿನಲ್ಲಿ ನಡೆದುಹೋಗಿ ಚವದಾರ್ ಕೆರೆಯ ನೀರು ಮುಟ್ಟಿದರು. ರಾತ್ರಿ ಯಾರೂ ನೋಡದಾಗ ಒಂದು ಕೊಡ ತುಂಬಿಕೊಂಡು ಬಂದಿದ್ದರೆ ಬಾಯಾರಿಕೆ ಹೋಗುತ್ತಿತ್ತು, ಹಕ್ಕು ಬರುತ್ತಿರಲಿಲ್ಲ.

ಖಾಲಿ ರಸ್ತೆಯ ಪ್ರಶ್ನೆಗೂ ಇಲ್ಲಿಯೇ ಉತ್ತರ ಹುಡುಕುತ್ತೇನೆ. 1936ರ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ನಿಯಮಕ್ಕೂ ತತ್ವಕ್ಕೂ ವ್ಯತ್ಯಾಸ ಮಾಡುತ್ತಾರೆ. ನಿಯಮ ಇದನ್ನೇ ಮಾಡು ಎನ್ನುತ್ತದೆ, ತತ್ವ ಯೋಚಿಸಿ ತೂಗಿ ನೋಡಲು ದಾರಿ ಕೊಡುತ್ತದೆ. ಧರ್ಮ ಬರೀ ನಿಯಮಗಳ ಕಂತೆಯಾಗಬಾರದು ಎಂಬುದು ಅವರ ವಾದ. ಇದನ್ನು ಓದಿದ ಜಾಣ ಹುಡುಗ ಹೇಳಬಹುದು: ತತ್ವ ಎಂದರೆ ಯಾರಿಗೂ ಹಾನಿ ಮಾಡದಿರುವುದು, ರಸ್ತೆ ಖಾಲಿ ಇದೆ, ಹಾಗಾಗಿ ನಿಯಮ ಬೇಡ. ಈ ವಾದಕ್ಕೆ ನಾನು ಅರ್ಧ ಅಂಕ ಕೊಡುತ್ತೇನೆ. ಉಳಿದರ್ಧ ಯಾಕಿಲ್ಲವೆಂದರೆ, ರಸ್ತೆಯಲ್ಲಿ ಎದುರು ಬರುವವರು ಅಪರಿಚಿತರು. ನನ್ನ ಮನಸ್ಸಿನ ತತ್ವ ಅವರಿಗೆ ಓದಲು ಬರುವುದಿಲ್ಲ. ಅವರು ಓದಬಲ್ಲದ್ದು ದೀಪದ ಬಣ್ಣವನ್ನು ಮಾತ್ರ. ಹಸಿರು ಕಂಡು ನಂಬಿ ಹೊರಟವರಿಗೆ ನಾನು ಕೊಟ್ಟ ಮಾತು ಆ ಕೆಂಪು. ನನ್ನ ಕಣ್ಣಿಗೆ ಖಾಲಿ ಕಂಡ ರಸ್ತೆ ನಿಜಕ್ಕೂ ಖಾಲಿಯೇ ಎಂಬ ತೀರ್ಪನ್ನು ಅವಸರದಲ್ಲಿ ಕೊಡುವವನೂ ನಾನೇ. ನ್ಯಾಯ ಕೆಡಿಸುವುದರಲ್ಲಿ ಅವಸರವೂ ಒಂದು ಎಂದು ಅಶೋಕ ಎಚ್ಚರಿಸಿದ್ದಾನಲ್ಲ.

ಇನ್ನೊಂದು ಮಾತು ಹೇಳಲೇಬೇಕು, ಸೈಕಲ್ಲಿನವರ ಪರ ನಿಂತವರಿಗೆ ಇದು ಸ್ವಲ್ಪ ಕಹಿ ಎನಿಸಬಹುದು. ಲಾರಿಯ ಮುಂದೆ ಸೈಕಲ್ಲಿನವ ಹೇಗೋ, ಸೈಕಲ್ಲಿನವನ ಮುಂದೆ ನಡೆಯುವವಳು ಹಾಗೆ. ತಲೆಯ ಮೇಲೆ ತೊಗರಿ ಕಟ್ಟಿಗೆಯ ಹೊರೆ ಹೊತ್ತ ಅಜ್ಜಿ, ಕಣ್ಣು ಕಾಣದವರು, ಕೈಗೂಸಿನ ತಾಯಿ, ಇವರು ದಾಟುವುದು ನಮಗೆ ಕೆಂಪಾದಾಗ. ಆಗ ಬೆಲ್ ಹೊಡೆಯುತ್ತ ಮಧ್ಯೆ ನುಗ್ಗುವವನು ಲಾರಿಯವನು ತನಗೆ ಮಾಡಿದ್ದನ್ನೇ ಅಜ್ಜಿಗೆ ಮಾಡುತ್ತಾನೆ. ಶ್ರೇಣೀಕೃತ ಅಸಮಾನತೆ ಇಷ್ಟು ಕಾಲ ಬಾಳಿದ್ದು ಹೇಗೆಂದು ಬಾಬಾಸಾಹೇಬರು ವಿವರಿಸಿದ್ದಾರೆ. ಪ್ರತಿಯೊಬ್ಬನಿಗೂ ಮೇಲಿನವನ ಮೇಲೆ ಸಿಟ್ಟು, ಆದರೆ ಕೆಳಗೊಬ್ಬನಿದ್ದಾನೆ ಎಂಬ ಸಮಾಧಾನ. ಆ ಸಮಾಧಾನವೇ ಗೋಪುರವನ್ನು ಬೀಳದಂತೆ ಹಿಡಿದಿದೆ. ಮೇಲಿನವನಿಂದ ನ್ಯಾಯ ಕೇಳುವವನು ಕೆಳಗಿನವರಿಗೆ ಅದನ್ನು ಮೊದಲು ಕೊಡಬೇಕು. ಇಲ್ಲವಾದರೆ ನಮ್ಮ ಬೇಡಿಕೆ ಸಮತೆಯದ್ದಲ್ಲ, ಒಂದು ಅಂತಸ್ತು ಮೇಲೇರುವುದರದ್ದು.

ಈ ಸಂದರ್ಭದಲ್ಲಿ ನೆನೆಯಬೇಕಾದ ಒಂದು ಹೆಸರು ಗ್ಯಾರೆಟ್ ಮೋರ್ಗನ್. ಗುಲಾಮಗಿರಿಯಿಂದ ಬಿಡುಗಡೆಯಾದ ಕುಟುಂಬದಲ್ಲಿ ಹುಟ್ಟಿದ ಕಪ್ಪು ಅಮೆರಿಕನ್. 1923ರಲ್ಲಿ ಅವರು ಒಂದು ಸಂಚಾರ ಸಿಗ್ನಲ್ಲಿಗೆ ಪೇಟೆಂಟ್ ಪಡೆದರು. ಅದರ ವಿಶೇಷವೆಂದರೆ 'ಹೋಗು', 'ನಿಲ್ಲು' ಎಂಬ ಎರಡರ ಜೊತೆ ಮೂರನೆಯದೊಂದು ಸ್ಥಿತಿ. ಆಗ ನಾಲ್ಕೂ ಕಡೆಯ ಗಾಡಿಗಳು ನಿಲ್ಲುತ್ತವೆ, ನಡೆಯುವವರು ದಾಟುತ್ತಾರೆ. ತನ್ನನ್ನು ಕೆಳಗಿಟ್ಟ ಸಮಾಜದಲ್ಲಿ ಬದುಕಿದ ಒಬ್ಬ ಮನುಷ್ಯ ಯಂತ್ರ ಮಾಡುವಾಗ ರಸ್ತೆಯಲ್ಲಿ ಎಲ್ಲರಿಗಿಂತ ದುರ್ಬಲರಾದವರಿಗೆ ಜಾಗ ಮಾಡಿದ.

ಲಾರಿ ಚಾಲಕರ ಬಗ್ಗೆಯೂ ಒಂದು ಮಾತು. ನಮ್ಮ ಓಣಿಗಳ ಎಷ್ಟೋ ಹುಡುಗರು ಇವತ್ತು ಬಲ್ಕರ್, ಟಿಪ್ಪರ್ ಓಡಿಸುತ್ತಾರೆ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ದಿನಕ್ಕೆ ಎಂಟು ಗಂಟೆ ಎನ್ನುತ್ತಿತ್ತು. ಟ್ರಿಪ್ಪಿನ ಲೆಕ್ಕದಲ್ಲಿ ದುಡಿಯುವವನಿಗೆ ಆ ಎಂಟು ಗಂಟೆ ಕಾಗದದ ಮೇಲೆ. ಅಶೋಕನ ಪಟ್ಟಿಯ ಕೊನೆಯ ಪದ ದಣಿವು ಎಂಬುದನ್ನು ನೆನೆಯಿರಿ. 1929ರ ಅಕ್ಟೋಬರಿನಲ್ಲಿ ಚಾಳಿಸ್‌ಗಾಂವಿನಲ್ಲಿ ಬಾಬಾಸಾಹೇಬರು ಟಾಂಗಾದಿಂದ ಕಲ್ಲುಹಾಸಿನ ಮೇಲೆ ಬಿದ್ದು ಕಾಲು ಮುರಿದುಕೊಂಡದ್ದು ನಮಗೆಲ್ಲ ಗೊತ್ತು. ಓಡಿಸಿದವನು ನಮ್ಮವನೇ, ಎಂದೂ ಟಾಂಗಾ ಓಡಿಸಿ ಗೊತ್ತಿಲ್ಲದವನು. ಅಸ್ಪೃಶ್ಯನನ್ನು ಕೂರಿಸಿಕೊಂಡು ಓಡಿಸಲು ಟಾಂಗಾವಾಲರು ಒಪ್ಪದ್ದರಿಂದ ಅವನು ಲಗಾಮು ಹಿಡಿದಿದ್ದ. ಬಾಬಾಸಾಹೇಬರು ಅದನ್ನು ಬರೆಯುವಾಗ ಆ ಬಡಪಾಯಿಯನ್ನು ದೂರಲಿಲ್ಲ, ಅವನ ಕೈಗೆ ಲಗಾಮು ಕೊಡಿಸಿದ ವ್ಯವಸ್ಥೆಯನ್ನು ತೋರಿಸಿದರು. ಅಪಘಾತಕ್ಕೆ ಹೇತುಗಳಿರುತ್ತವೆ. ತಪ್ಪಿಗೆ ಚಾಲಕ ಹೊಣೆ, ಆದರೆ ಅವನೊಬ್ಬನೇ ಅಲ್ಲ. ಅವಸರಪಡಿಸಿದ ಮಾಲೀಕ, ಅಂಚಿಲ್ಲದ ರಸ್ತೆ ಮಾಡಿದವರು ಕೂಡ.

ಹಾಗಾದರೆ ಮಾಡಬೇಕಾದ್ದೇನು? ಒಂದು, ನಿಯಮ ಬದಲಾಗುವವರೆಗೆ ಕೆಂಪಿಗೆ ನಿಲ್ಲುವುದು. ಮೋಟಾರು ವಾಹನ ಕಾಯ್ದೆಯ 119ನೇ ಕಲಮು ಹೆಸರಿಸುವುದು ಮೋಟಾರು ವಾಹನದ ಚಾಲಕನನ್ನು ಎಂಬುದು ನಿಜ. ಆದರೆ ಸೈಕಲ್ಲಿಗೆ ಕಾನೂನೇ ಇಲ್ಲ ಎಂದು ತಿಳಿಯಬೇಡಿ. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮು ಸಾರ್ವಜನಿಕ ದಾರಿಯಲ್ಲಿ ಯಾವುದೇ ವಾಹನವನ್ನು ಅಪಾಯಕಾರಿಯಾಗಿ ನಡೆಸುವವರಿಗೆ ಅನ್ವಯಿಸುತ್ತದೆ. ಸವಾರನದೂ ಅಜಾಗರೂಕತೆ ಇತ್ತು ಎಂದು ತೀರ್ಮಾನವಾದರೆ ಅಪಘಾತದ ಪರಿಹಾರದಲ್ಲಿ ಅಷ್ಟು ಪಾಲು ಕಡಿತವಾಗುತ್ತದೆ. ನಮ್ಮ ಮಕ್ಕಳ ವಿರುದ್ಧ ಆ ವಾದ ಹೂಡಲು ಅವಕಾಶ ಕೊಡಬಾರದು.

ಎರಡು, ರಕ್ಷಣೆಯ ಹಕ್ಕನ್ನು ಕೇಳಿ ಪಡೆಯುವುದು. ಗುದ್ದಿ ಓಡಿದ ವಾಹನ ಪತ್ತೆಯಾಗದಿದ್ದರೆ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರದ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಇದೆ. ಹಿಂದೆ ಅದು 25 ಸಾವಿರ ಮತ್ತು ಹನ್ನೆರಡೂವರೆ ಸಾವಿರ ಇತ್ತು. ಎಫ್‌ಐಆರ್ ಮಾಡಿಸಿ, ಕಂದಾಯ ಉಪವಿಭಾಗದ ಅಧಿಕಾರಿ ಅಥವಾ ತಹಸೀಲ್ದಾರರ ಕಚೇರಿಯಲ್ಲಿ ವಿಚಾರಿಸಿ. ನಮ್ಮ ಎಷ್ಟೋ ಮನೆಗಳಿಗೆ ಈ ಯೋಜನೆಯ ಹೆಸರೂ ತಲುಪಿಲ್ಲ.

ಮೂರು, ಒಬ್ಬೊಬ್ಬರೇ ನಿಯಮ ಮುರಿಯುವ ಬದಲು ಕೂಡಿ ನಿಯಮ ಕೇಳುವುದು. ಶಾಲೆಯ ಮುಂದೆ ಉಬ್ಬು, ರಸ್ತೆಗೆ ಸೈಕಲ್ ಹೋಗುವಷ್ಟು ಅಂಚು, ಶಾಲೆ ಬಿಡುವ ಹೊತ್ತಿಗೆ ಭಾರಿ ಲಾರಿಗಳಿಗೆ ತಡೆ. ಗ್ರಾಮಸಭೆಯಲ್ಲಿ, ಪುರಸಭೆಯಲ್ಲಿ ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಪಡೆಯಿರಿ. ಸೋಣ ಸಾವತ್ಥಿಯವರೆಗೆ ನಡೆದ, ನಮಗೆ ತಾಲ್ಲೂಕು ಕಚೇರಿ ಅಷ್ಟು ದೂರವಿಲ್ಲ.

ಕೊನೆಯದಾಗಿ ಕನ್ನಡ ಮೇಷ್ಟ್ರ ಒಂದು ಪದದ ಮಾತು. ಸೇಡಂ, ಚಿಂಚೋಳಿಯವರು ಗಡಿಯಾಚೆ ತಾಂಡೂರಿನ ತೆಲುಗು ಪತ್ರಿಕೆ ನೋಡಿರುತ್ತೀರಿ. ರಸ್ತೆ ಅಪಘಾತಕ್ಕೆ ಅವರು 'ರೋಡ್ಡು ಪ್ರಮಾದಂ' ಎನ್ನುತ್ತಾರೆ. ಪಾಲಿಯಲ್ಲಿ 'ಪಮಾದ' ಎಂದರೆ ಎಚ್ಚರಗೇಡಿತನ. ಅದರ ವಿರುದ್ಧ ಪದ 'ಅಪ್ಪಮಾದ', ಎಚ್ಚರ. ಪರಿನಿಬ್ಬಾಣದ ಹೊತ್ತಿನಲ್ಲಿ ಬುದ್ಧರು ಭಿಕ್ಖುಗಳಿಗೆ ಕೊನೆಯದಾಗಿ ಹೇಳಿದ್ದು ಈ ಅಪ್ಪಮಾದವನ್ನೇ. ಐದು ಶೀಲಗಳನ್ನು ನಾವು ಸ್ವೀಕರಿಸುವುದು ಆಜ್ಞೆ ಎಂದಲ್ಲ, ಕಲಿಕೆಯ ಹೆಜ್ಜೆ ಎಂದು. ಕೆಂಪು ದೀಪದ ಮುಂದೆ ಒಂದು ಕಾಲು ನೆಲಕ್ಕೂರಿ ನಿಂತ ಅರವತ್ತು ಸೆಕೆಂಡನ್ನೂ ಅಂಥದೇ ಕಲಿಕೆ ಎಂದು ತೆಗೆದುಕೊಳ್ಳಬಹುದು. ಆ ಅರವತ್ತು ಸೆಕೆಂಡಿನಲ್ಲಿ ಎಡಕ್ಕೆ ನೋಡಿ, ಬಲಕ್ಕೆ ನೋಡಿ. ನಿಮಗಿಂತ ನಿಧಾನವಾಗಿ ದಾಟುತ್ತಿರುವವರು ಯಾರಿದ್ದಾರೆ ಎಂದೂ ನೋಡಿ.

ಮೇಷ್ಟ್ರು ಹೇಳಿದರು ಎಂದು ಒಪ್ಪಬೇಡಿ. ಕಾಲಾಮರಿಗೆ ಬುದ್ಧರು ಹೇಳಿದಂತೆ ನೀವೇ ಪರೀಕ್ಷಿಸಿ. ಒಪ್ಪದವರು ಭಾನುವಾರ ಬಂದು ವಾದ ಮಾಡಿರಿ, ಬಳಗಕ್ಕೆ ಅದರಿಂದ ಒಳ್ಳೆಯದೇ ಆಗುತ್ತದೆ.

ನಮೋ ಬುದ್ಧಾಯ. ಜೈ ಭೀಮ್.